ಒಬ್ಬ ದಾದಿಯ ಋಣ

ಮನೆಯಲ್ಲಿ ಒಬ್ಬರು ಬಹುಕಾಲ ಹಾಸಿಗೆ ಹಿಡಿದಾಗ ಡಾಕ್ಟರ ಫೀಜಿಗೆ, ಔಷಧಿ ಅಂಗಡಿಯ ಬಾಕಿಗೆ ಒಂದು ಲೆಕ್ಕವಿರುತ್ತದೆ. ಇಂದಲ್ಲ ನಾಳೆ ಅದನ್ನು ತೀರಿಸಬಹುದು. ಆದರೆ ರಾತ್ರಿಯೆಲ್ಲ ಎಚ್ಚರವಿದ್ದು ರೋಗಿಯ ಮಗ್ಗುಲು ಬದಲಿಸಿದವಳು, ಹೇಸದೆ ಮಲಮೂತ್ರದ ಬಟ್ಟೆ ತೆಗೆದವಳು, ಗುಟುಕು ಗುಟುಕಾಗಿ ಗಂಜಿ ಕುಡಿಸಿದವಳು, ಅವಳಿಗೆ ಸಲ್ಲಬೇಕಾದದ್ದು ಎಷ್ಟು? ಸಂಬಳ ಕೊಟ್ಟ ಮೇಲೂ ಏನೋ ಬಾಕಿ ಉಳಿಯಿತೆಂದೇ ಮನೆಯವರಿಗೆ ಅನ್ನಿಸುತ್ತದೆ. ಕೆಲವರು ಸೀರೆ ಕುಪ್ಪಸ ಕೊಡುತ್ತಾರೆ, ಕೆಲವರು ಆಸ್ಪತ್ರೆಯ ವಾರ್ಡಿಗೆ ಸಿಹಿ ಹಂಚುತ್ತಾರೆ, ಕೆಲವರು ಕೈ ಮುಗಿದು ಕಣ್ಣೊರೆಸಿಕೊಂಡು ಹೊರಟುಬಿಡುತ್ತಾರೆ. ಬಾಕಿ ಮಾತ್ರ ಉಳಿದೇ ಇರುತ್ತದೆ.

ಇಂಥ ಬಾಕಿಗೆ ನಮ್ಮಲ್ಲಿ ಋಣ ಎಂಬ ಮಾತಿದೆ. ಸಾಲ ಬೇರೆ, ಋಣ ಬೇರೆ. ಸಾಲವನ್ನು ಕೊಟ್ಟವನಿಗೇ ಹಿಂದಿರುಗಿಸಬೇಕು. ಋಣವನ್ನು ಹಾಗೆ ಹಿಂದಿರುಗಿಸಲಾಗದು. ಋಷಿಋಣ ತೀರುವುದು ಕಲಿತದ್ದನ್ನು ಮುಂದಿನವರಿಗೆ ಕಲಿಸಿದಾಗ. ಪಿತೃಋಣ ತೀರುವುದು ಮಕ್ಕಳನ್ನು ಸಾಕಿ ಬೆಳೆಸಿದಾಗ. ಅಂದರೆ ಪಡೆದದ್ದು ಹಿಂದಿನವರಿಂದ, ಸಲ್ಲಿಸುವುದು ಮುಂದಿನವರಿಗೆ. ಈ ಮಾತನ್ನು ಎಂದೂ ಕೇಳಿರದ ಇಂಗ್ಲೆಂಡಿನ ವ್ಯಾಪಾರಿಯೊಬ್ಬ 1859ರಲ್ಲಿ ತನ್ನ ಹೆಂಡತಿಯನ್ನು ಆರೈಕೆ ಮಾಡಿದ ದಾದಿಯ ಋಣವನ್ನು ಇದೇ ರೀತಿಯಲ್ಲಿ ತೀರಿಸಲು ಹೊರಟ. ಮನೆಮನೆಗೆ ಹೋಗಿ ಬಡರೋಗಿಗಳ ಶುಶ್ರೂಷೆ ಮಾಡುವ ಒಂದು ವ್ಯವಸ್ಥೆಯೇ ಅದರಿಂದ ಹುಟ್ಟಿತು. ಆ ವ್ಯಾಪಾರಿಯ ಹೆಸರು ವಿಲಿಯಂ ರಾಥ್‌ಬೋನ್. ದಾದಿಯ ಹೆಸರು ಮೇರಿ ರಾಬಿನ್‌ಸನ್. ಊರು ಲಿವರ್‌ಪೂಲ್.

ಸಿರಿಯ ಬಂದರು, ಬಡವರ ನೆಲಮಾಳಿಗೆ

ಹತ್ತೊಂಬತ್ತನೆಯ ಶತಮಾನದ ನಡುವಿನ ಲಿವರ್‌ಪೂಲ್ ಜಗತ್ತಿನ ದೊಡ್ಡ ಬಂದರುಗಳಲ್ಲಿ ಒಂದು. ಅಮೆರಿಕದ ಹತ್ತಿ ಅಲ್ಲಿ ಇಳಿದು ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹೋಗುತ್ತಿತ್ತು. ಗಿರಣಿಗಳ ಬಟ್ಟೆ ಅಲ್ಲಿಂದಲೇ ಹಡಗು ಹತ್ತಿ ಲೋಕದ ನಾನಾ ಮೂಲೆಗಳಿಗೆ ಹೊರಡುತ್ತಿತ್ತು. ವ್ಯಾಪಾರಿಗಳ ಮನೆಗಳು ಅರಮನೆಗಳಂತಿದ್ದವು. ಅದೇ ಊರಿನಲ್ಲಿ ಹತ್ತಾರು ಸಾವಿರ ಜನ ಗಾಳಿ ಬೆಳಕಿಲ್ಲದ ನೆಲಮಾಳಿಗೆಗಳಲ್ಲಿ ಬದುಕುತ್ತಿದ್ದರು. ಒಂದೇ ಕೋಣೆಯಲ್ಲಿ ಇಡೀ ಸಂಸಾರ, ಗೋಡೆಯಲ್ಲಿ ಒಸರುವ ನೀರು, ಹೊರಗೆ ಹಲವು ಮನೆಗಳಿಗೆ ಒಂದೇ ಪಾಯಖಾನೆ. ಕಾಲರಾ, ಟೈಫಸ್ ಜ್ವರ ಬಂದರೆ ಮೊದಲು ಬಲಿಯಾಗುತ್ತಿದ್ದದ್ದು ಈ ಕೇರಿಗಳೇ.

ಐರ್ಲೆಂಡಿನಲ್ಲಿ ಆಲೂಗೆಡ್ಡೆ ಬೆಳೆ ಕೊಳೆತು ಘೋರ ಕ್ಷಾಮ ಬಿದ್ದಾಗ, 1847ರ ಒಂದೇ ವರ್ಷದಲ್ಲಿ ಸುಮಾರು 3 ಲಕ್ಷ ಐರಿಷ್ ಜನ ಲಿವರ್‌ಪೂಲಿನಲ್ಲಿ ಬಂದಿಳಿದರು. ಅಮೆರಿಕಕ್ಕೆ ಹೋಗಲು ಹಣವಿದ್ದವರು ಮುಂದಕ್ಕೆ ಹೋದರು, ಇಲ್ಲದವರು ಅಲ್ಲೇ ನೆಲಮಾಳಿಗೆ ಸೇರಿದರು. ಆ ವರ್ಷ ಟೈಫಸ್ ಊರನ್ನು ಜಾಲಾಡಿಸಿತು. ಅದೇ ವರ್ಷ ಲಿವರ್‌ಪೂಲ್ ನಗರಾಡಳಿತ ವಿಲಿಯಂ ಹೆನ್ರಿ ಡಂಕನ್ ಎಂಬ ವೈದ್ಯನನ್ನು ನಗರದ ಆರೋಗ್ಯಾಧಿಕಾರಿಯಾಗಿ ನೇಮಿಸಿತು. ಬ್ರಿಟನ್ನಿನಲ್ಲಿ ಅಂಥ ಹುದ್ದೆ ಹುಟ್ಟಿದ್ದು ಅದೇ ಮೊದಲು.

ರಾಥ್‌ಬೋನ್ ಮನೆತನದವರು ಈ ಊರಿನ ಹಳೆಯ ವರ್ತಕರು. ಗುಲಾಮರ ವ್ಯಾಪಾರದಿಂದ ಬೆಳೆದ ಊರಿನಲ್ಲಿದ್ದುಕೊಂಡೇ ಆ ವ್ಯಾಪಾರವನ್ನು ವಿರೋಧಿಸಿದ ಹೆಸರು ಅವರಿಗಿತ್ತು. 1832ರ ಕಾಲರಾ ಸಮಯದಲ್ಲಿ ಕಿಟ್ಟಿ ವಿಲ್ಕಿನ್‌ಸನ್ ಎಂಬ ಬಡ ಹೆಂಗಸು ತನ್ನ ಮನೆಯ ನೀರು ಕಾಯಿಸುವ ಹಂಡೆಯನ್ನು ನೆರೆಹೊರೆಯವರಿಗೆಲ್ಲ ಬಿಟ್ಟುಕೊಟ್ಟು, ರೋಗಿಗಳ ಬಟ್ಟೆ ಹಾಸಿಗೆಗಳನ್ನು ಬಿಸಿನೀರಿನಲ್ಲಿ ಒಗೆಯಲು ಅನುಕೂಲ ಮಾಡಿಕೊಟ್ಟಿದ್ದಳು. ಆಕೆಯ ಬೆನ್ನಿಗೆ ನಿಂತವರಲ್ಲಿ ರಾಥ್‌ಬೋನನ ತಂದೆ ತಾಯಿಗಳೂ ಇದ್ದರು. 1842ರಲ್ಲಿ ಲಿವರ್‌ಪೂಲಿನಲ್ಲಿ ಬಡವರಿಗಾಗಿ ಸಾರ್ವಜನಿಕ ಸ್ನಾನಗೃಹ ಮತ್ತು ಬಟ್ಟೆ ಒಗೆಯುವ ಮನೆ ತೆರೆದದ್ದಕ್ಕೆ ಆ ಹಂಡೆಯೇ ಮೂಲ. ಬಡವರ ಮನೆಯ ಒಂದು ಒಳ್ಳೆಯ ಕೆಲಸವನ್ನು ಕಂಡು ಅದನ್ನು ಊರಿನ ವ್ಯವಸ್ಥೆಯಾಗಿ ಬೆಳೆಸುವುದು ಆ ಮನೆಯ ಮಗನಿಗೆ ಚಿಕ್ಕಂದಿನಿಂದಲೇ ಕಂಡು ಗೊತ್ತಿದ್ದ ದಾರಿ.

ರೋಗಿಯ ಮನೆಯಲ್ಲಿ

ವಿಲಿಯಂ ರಾಥ್‌ಬೋನ್ ಹುಟ್ಟಿದ್ದು 1819ರಲ್ಲಿ. ಆ ಮನೆತನದಲ್ಲಿ ಅದೇ ಹೆಸರಿನ ಆರನೆಯವನು. 1847ರಲ್ಲಿ ಲುಕ್ರೀಷಿಯಾ ಗೇರ್ ಎಂಬುವಳನ್ನು ಮದುವೆಯಾದ. ಹನ್ನೆರಡು ವರ್ಷಗಳ ಸಂಸಾರದ ನಂತರ ಆಕೆ ತೀವ್ರವಾಗಿ ಕಾಯಿಲೆ ಬಿದ್ದಳು. ಒಳ್ಳೆಯ ವೈದ್ಯರು, ಮೆತ್ತನೆಯ ಹಾಸಿಗೆ, ಬೆಚ್ಚನೆಯ ಕೋಣೆ, ಬೇಕಾದ ಪಥ್ಯ, ಯಾವುದಕ್ಕೂ ಆ ಮನೆಯಲ್ಲಿ ಕೊರತೆಯಿರಲಿಲ್ಲ. ಜೊತೆಗೆ ಮೇರಿ ರಾಬಿನ್‌ಸನ್ ಎಂಬ ದಾದಿಯೂ ಇದ್ದಳು. 1859ರಲ್ಲಿ ಲುಕ್ರೀಷಿಯಾ ತೀರಿಕೊಂಡಳು.

ಆ ಕಾಲದಲ್ಲಿ ಒಳ್ಳೆಯ ದಾದಿ ಸಿಗುವುದೇ ಅಪರೂಪ. ದಾದಿಯ ಕೆಲಸಕ್ಕೆ ಶಿಕ್ಷಣವೆಂಬುದು ಇರಲಿಲ್ಲ, ಮರ್ಯಾದೆಯೂ ಅಷ್ಟಕ್ಕಷ್ಟೇ. ಬೇರೆ ದುಡಿಮೆ ಸಿಗದ ಹೆಂಗಸರು ಅದಕ್ಕೆ ಬರುತ್ತಾರೆ ಎಂಬುದು ಜನರ ಭಾವನೆ. ಚಾರ್ಲ್ಸ್ ಡಿಕನ್ಸ್ 1840ರ ದಶಕದಲ್ಲಿ ಬರೆದ ಕಾದಂಬರಿಯೊಂದರಲ್ಲಿ ಸಾರಾ ಗ್ಯಾಂಪ್ ಎಂಬ ಕುಡುಕ ದಾದಿಯ ಪಾತ್ರ ಬರುತ್ತದೆ. ಓದುಗರು ಆ ಪಾತ್ರವನ್ನು ಎಷ್ಟು ನಂಬಿದರೆಂದರೆ, ದಾದಿಯೆಂದರೆ ಹಾಗೆಯೇ ಎಂಬಂತಾಯಿತು. ಇನ್ನು ಆಸ್ಪತ್ರೆ ಎಂಬುದು ಬಡವರು ಹೋಗುವ ಜಾಗ. ಉಳ್ಳವರು ಮನೆಯಲ್ಲೇ ಚಿಕಿತ್ಸೆ ಪಡೆಯುತ್ತಿದ್ದರು. ಆ ಆಸ್ಪತ್ರೆಗಳಾದರೂ ಎಲ್ಲ ಬಡವರನ್ನೂ ಸೇರಿಸಿಕೊಳ್ಳುತ್ತಿರಲಿಲ್ಲ. ಗುಣವಾಗದ ಕಾಯಿಲೆಯವರಿಗೆ, ಅಂಟುರೋಗದವರಿಗೆ ಬಹುತೇಕ ಬಾಗಿಲು ಮುಚ್ಚಿರುತ್ತಿತ್ತು. ಅಂಥವರು ನೆಲಮಾಳಿಗೆಯ ಹುಲ್ಲುಹಾಸಿನ ಮೇಲೆಯೇ ನರಳಬೇಕು. ಕೂಲಿಗೆ ಹೋದ ಗಂಡನೋ, ಏಳೆಂಟು ವರ್ಷದ ಮಗಳೋ ಬಂದು ನೀರು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ರಾಥ್‌ಬೋನನಿಗೆ ಈ ಮನೆಗಳ ಪರಿಚಯವಿತ್ತು. ಬಡವರಿಗೆ ನೆರವು ನೀಡುವ ಸಂಘವೊಂದರ ಪರವಾಗಿ ಆತ ಕೇರಿಗಳನ್ನು ಸುತ್ತಿ ಬಂದಿದ್ದ. ಹೆಂಡತಿಯನ್ನು ಕಳೆದುಕೊಂಡ ದುಃಖದಲ್ಲಿ ಅವನನ್ನು ಕಾಡಿದ ಯೋಚನೆ ಇದು: ಎಲ್ಲ ಅನುಕೂಲಗಳಿದ್ದ ತನ್ನ ಮನೆಯಲ್ಲೇ ಕಾಯಿಲೆ ಇಷ್ಟು ಸಂಕಟ ತಂದಿತು. ಬಲ್ಲ ದಾದಿಯೊಬ್ಬಳು ಪಕ್ಕದಲ್ಲಿದ್ದುದರಿಂದ ಆ ಸಂಕಟ ಎಷ್ಟೋ ಹಗುರವಾಯಿತು. ಹಾಗಾದರೆ ಏನೂ ಇಲ್ಲದ ಮನೆಯಲ್ಲಿ, ಪಕ್ಕದಲ್ಲಿ ಯಾರೂ ಇಲ್ಲದ ರೋಗಿಯ ಗತಿ ಏನು?

ಕೃತಜ್ಞತೆ ಸಾಮಾನ್ಯವಾಗಿ ಹಿಂದಿರುಗಿ ನೋಡುತ್ತದೆ. ನಮಗೆ ಉಪಕಾರ ಮಾಡಿದವರ ಮುಖವಷ್ಟೇ ಅದಕ್ಕೆ ಕಾಣುವುದು. ರಾಥ್‌ಬೋನನ ಕೃತಜ್ಞತೆ ಅಕ್ಕಪಕ್ಕಕ್ಕೂ ನೋಡಿತು. ಮೇರಿ ರಾಬಿನ್‌ಸನ್‌ಗೆ ಒಂದು ಬಹುಮಾನ ಕೊಟ್ಟು ಕಳಿಸಿದ್ದರೆ ಅವನ ಮನಸ್ಸಿಗೆ ಸಮಾಧಾನವಾಗುತ್ತಿತ್ತು, ಮಾತು ಅಲ್ಲಿಗೆ ಮುಗಿಯುತ್ತಿತ್ತು. ಆತ ಹಾಗೆ ಮಾಡದೆ ಆಕೆಯನ್ನು ಬೇರೊಂದು ಕೆಲಸಕ್ಕೆ ಕರೆದ. ಮೂರು ತಿಂಗಳ ಮಟ್ಟಿಗೆ ಸಂಬಳ ತಾನು ಕೊಡುವುದಾಗಿಯೂ, ಊರಿನ ಒಂದು ಭಾಗದ ಬಡರೋಗಿಗಳ ಮನೆಗಳಿಗೆ ಆಕೆ ಹೋಗಿ ಆರೈಕೆ ಮಾಡಬೇಕೆಂದೂ ಕೇಳಿಕೊಂಡ. ರೋಗಿಗೆ ಬೇಕಾದ ಪೌಷ್ಟಿಕ ಆಹಾರ, ಶುಶ್ರೂಷೆಯ ಸಾಮಗ್ರಿ ಎಲ್ಲವನ್ನೂ ತಾನೇ ಒದಗಿಸಿದ. ಮನೆಯವರಿಗೆ ರೋಗಿಯನ್ನು ನೋಡಿಕೊಳ್ಳುವ ಬಗೆಯನ್ನು ಕಲಿಸುವುದೂ ಆಕೆಯ ಕೆಲಸವಾಗಿತ್ತು.

ಒಂದು ತಿಂಗಳ ನಂತರದ ಕಣ್ಣೀರು

ಒಂದು ತಿಂಗಳು ಕಳೆಯುವಷ್ಟರಲ್ಲಿ ಮೇರಿ ರಾಬಿನ್‌ಸನ್ ಅಳುತ್ತ ಹಿಂದಿರುಗಿದಳು. ತನ್ನನ್ನು ಈ ಕೆಲಸದಿಂದ ಬಿಡಿಸಬೇಕೆಂದು ಬೇಡಿಕೊಂಡಳು. ಕಾಯಿಲೆ, ಸಾವು ಕಂಡು ಅಭ್ಯಾಸವಿದ್ದ ಹೆಂಗಸು ಆಕೆ. ಆದರೆ ಅಲ್ಲಿ ಕಂಡ ದುರವಸ್ಥೆ ಆಕೆಯ ಸಹನೆಗೂ ಮೀರಿದ್ದಾಗಿತ್ತು.

ಈ ಕಥೆಯಲ್ಲಿ ಗಮನಿಸಬೇಕಾದ ಘಟ್ಟ ಇದು. ದಾದಿಯರನ್ನು ಹೊಗಳುವಾಗ ನಾವು ಅವರನ್ನು ದೇವತೆಗಳೆನ್ನುತ್ತೇವೆ, ಕರುಣೆಯ ಕಡಲೆನ್ನುತ್ತೇವೆ. ಕಡಲು ಬತ್ತುವುದಿಲ್ಲ, ದೇವತೆಗಳಿಗೆ ದಣಿವಿಲ್ಲ. ಹಾಗೆಂದು ನಂಬಿದರೆ ಅವರಿಗೆ ಬೇಕಾದದ್ದನ್ನು ಒದಗಿಸುವ ಹೊಣೆಯೂ ನಮಗಿಲ್ಲವಾಗುತ್ತದೆ. ಮೇರಿ ರಾಬಿನ್‌ಸನ್ ದಣಿದಳು. ಕರುಣೆಗೂ ಒಂದು ಮಿತಿಯಿದೆ ಎಂದು ಅತ್ತುಕೊಂಡೇ ತಿಳಿಸಿದಳು.

ರಾಥ್‌ಬೋನ್ ಆಕೆಯನ್ನು ಗದರಿಸಲಿಲ್ಲ. ಒಪ್ಪಿಕೊಂಡ ಮೂರು ತಿಂಗಳನ್ನು ಹೇಗಾದರೂ ಮುಗಿಸು ಎಂದು ಮನವೊಲಿಸಿದ. ಆಕೆ ಮತ್ತೆ ಹೋದಳು. ದಿನ ಕಳೆದಂತೆ ತನ್ನ ಕೈಯಿಂದ ಆಗುತ್ತಿರುವ ಬದಲಾವಣೆ ಆಕೆಗೇ ಕಾಣತೊಡಗಿತು. ಯಾರೂ ನೋಡದೆ ಬಿದ್ದಿದ್ದ ರೋಗಿ ಎದ್ದು ಕೂತ, ಕೈಚೆಲ್ಲಿ ಕುಳಿತಿದ್ದ ಮನೆ ಮತ್ತೆ ಒಲೆ ಹಚ್ಚಿತು. ಮೂರು ತಿಂಗಳು ಮುಗಿದಾಗ ಆಕೆಯ ಮಾತೇ ಬೇರೆಯಾಗಿತ್ತು. ರಾಥ್‌ಬೋನ್ ಮುಂದುವರಿಸಲು ಸಿದ್ಧನಿದ್ದರೆ ತಾನು ಸಿರಿವಂತರ ಮನೆಯ ದಾದಿಗಿರಿಗೆ ಮರಳಿ ಹೋಗುವುದೇ ಇಲ್ಲವೆಂದಳು.

ಒಬ್ಬಳಿಂದ ಇಷ್ಟಾದರೆ ಹತ್ತು ಜನರಿಂದ ಎಷ್ಟಾಗಬಹುದು? ರಾಥ್‌ಬೋನ್ ಇನ್ನಷ್ಟು ದಾದಿಯರನ್ನು ನೇಮಿಸಲು ಹೊರಟ. ಹಣ ಇತ್ತು, ಮನಸ್ಸೂ ಇತ್ತು, ದಾದಿಯರೇ ಇರಲಿಲ್ಲ. ತರಬೇತಾದ ದಾದಿಯರು ಇಡೀ ದೇಶದಲ್ಲಿ ಬೆರಳೆಣಿಕೆಯಷ್ಟು. ಆಗ ಆತ ಫ್ಲಾರೆನ್ಸ್ ನೈಟಿಂಗೇಲ್‌ಗೆ ಪತ್ರ ಬರೆದ.

ಕ್ರಿಮಿಯಾ ಯುದ್ಧದಲ್ಲಿ ಗಾಯಾಳು ಸೈನಿಕರ ಶುಶ್ರೂಷೆ ಮಾಡಿ ಹೆಸರಾಗಿದ್ದ ನೈಟಿಂಗೇಲ್ ಕಥೆಯಲ್ಲೂ ಕೃತಜ್ಞತೆಯ ಹಣದ ಪಾತ್ರವಿದೆ. 1855ರಲ್ಲಿ ಆಕೆಯ ಗೌರವಾರ್ಥ ಜನರು ನಿಧಿ ಕೂಡಿಸಿದರು. 40,000 ಪೌಂಡಿಗೂ ಹೆಚ್ಚು ಹಣ ಸೇರಿತು. ಆ ಹಣದಿಂದಲೇ ಆಕೆ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಾಲೆ ತೆರೆದಳು. ರಾಥ್‌ಬೋನನಿಗೆ ಆಕೆ ಕೊಟ್ಟ ಸಲಹೆ ಚುಟುಕಾದದ್ದು: ದಾದಿಯರು ಇಲ್ಲದಿದ್ದರೆ ನಿಮ್ಮೂರಿನಲ್ಲೇ ತಯಾರು ಮಾಡಿ. ಅದರಂತೆ 1862ರಲ್ಲಿ ಲಿವರ್‌ಪೂಲಿನ ರಾಯಲ್ ಇನ್ಫರ್ಮರಿ ಆಸ್ಪತ್ರೆಯೊಂದಿಗೆ ದಾದಿಯರ ತರಬೇತಿ ಶಾಲೆ ಆರಂಭವಾಯಿತು. ಶಾಲೆಯ ಕಟ್ಟಡದ ವೆಚ್ಚವನ್ನು ರಾಥ್‌ಬೋನ್ ವಹಿಸಿಕೊಂಡ. ಅಲ್ಲಿ ತಯಾರಾದವರಿಗೆ ಮೂರು ಕೆಲಸ: ಆಸ್ಪತ್ರೆಯಲ್ಲಿ ಶುಶ್ರೂಷೆ, ಶುಲ್ಕ ಕೊಡಬಲ್ಲವರ ಮನೆಗಳಲ್ಲಿ ಶುಶ್ರೂಷೆ, ಬಡವರ ಮನೆಗಳಲ್ಲಿ ಉಚಿತ ಶುಶ್ರೂಷೆ.

ಕೇರಿಗೊಬ್ಬ ದಾದಿ

ಊರನ್ನು 18 ವಲಯಗಳಾಗಿ ಹಂಚಲಾಯಿತು. ಪ್ರತಿ ವಲಯಕ್ಕೂ ಒಬ್ಬ ದಾದಿ. ದಾದಿಯ ಮೇಲ್ವಿಚಾರಣೆಗೆ ಆ ವಲಯದಲ್ಲಿ ಒಬ್ಬ ಅನುಕೂಲಸ್ಥ ಮನೆಯ ಹೆಂಗಸು. ರೋಗಿಗಳ ಪಟ್ಟಿ ಇಡುವುದು, ದಾದಿ ಹೋಗಿ ಬಂದ ಮನೆಗಳನ್ನು ಆಗಾಗ ತಾನೂ ನೋಡಿ ಬರುವುದು, ಊಟ, ಹೊದಿಕೆ, ಹಾಸಿಗೆ ಬಟ್ಟೆಗಳಿಗೆ ಹಣ ಹೊಂದಿಸುವುದು ಈಕೆಯ ಹೊಣೆ. ಮೇರಿ ರಾಬಿನ್‌ಸನ್ ಮೊದಲ ತಿಂಗಳಲ್ಲಿ ಒಬ್ಬಳೇ ಹೊತ್ತ ಭಾರವನ್ನು ಈಗ ಹಲವರು ಹಂಚಿಕೊಂಡಿದ್ದರು.

ದಾದಿಯ ದಿನಚರಿಯಲ್ಲಿ ಪವಾಡವೇನೂ ಇರಲಿಲ್ಲ. ಮನೆಗೆ ಹೋದೊಡನೆ ಕಿಟಕಿಯಿದ್ದರೆ ತೆರೆಯುವುದು. ಕಸ ಗುಡಿಸುವುದು. ನೀರು ಕಾಯಿಸಿ ರೋಗಿಯ ಮೈ ಒರೆಸುವುದು. ಹಾಸಿಗೆ ಹುಣ್ಣು ಆಗಿದೆಯೇ ಎಂದು ಬೆನ್ನು ನೋಡುವುದು, ಆಗಿದ್ದರೆ ತೊಳೆದು ಕಟ್ಟುವುದು. ಡಾಕ್ಟರು ಹೇಳಿದ ಔಷಧಿಯನ್ನು ಹೊತ್ತಿಗೆ ಸರಿಯಾಗಿ ಕೊಡುವುದನ್ನು ಮನೆಯವರಿಗೆ ತಿಳಿಸಿ ಹೇಳುವುದು. ಇದನ್ನೇ ದಿನವೂ, ಮನೆ ಮನೆಯಲ್ಲಿಯೂ ಮಾಡುವುದು. ನಂಜುನಿರೋಧಕ ಔಷಧಗಳಿಲ್ಲದ ಆ ಕಾಲದಲ್ಲಿ ಶುಚಿತ್ವ, ಗಾಳಿ, ಆಹಾರ, ವಿಶ್ರಾಂತಿಗಳೇ ಅರ್ಧ ಚಿಕಿತ್ಸೆ. ದಾದಿ ಹೋದ ಮೇಲೂ ಆ ಮನೆಯಲ್ಲಿ ಕಿಟಕಿ ತೆರೆದೇ ಇದ್ದರೆ ಅದು ಆಕೆಯ ಗೆಲುವು.

ಲಿವರ್‌ಪೂಲಿನ ಬಡವರ ಪೈಕಿ ಇನ್ನೊಂದು ಗುಂಪು ಇವರಿಗಿಂತಲೂ ಕೆಳಗಿತ್ತು. ದುಡಿಯಲಾರದ ನಿರ್ಗತಿಕರನ್ನು ಸೇರಿಸುವ ವರ್ಕ್‌ಹೌಸ್ ಎಂಬ ಸರ್ಕಾರಿ ಬಡವರ ಮನೆಗಳು ಇಂಗ್ಲೆಂಡಿನಲ್ಲಿದ್ದವು. ಬ್ರೌನ್‌ಲೋ ಹಿಲ್‌ನಲ್ಲಿದ್ದ ಲಿವರ್‌ಪೂಲಿನ ವರ್ಕ್‌ಹೌಸ್ ದೇಶದಲ್ಲೇ ದೊಡ್ಡವುಗಳಲ್ಲಿ ಒಂದು. ಅದರ ರೋಗಿಗಳ ವಿಭಾಗದಲ್ಲಿ ಸುಮಾರು 1,200 ಜನ. ಅವರನ್ನು ನೋಡಿಕೊಳ್ಳುತ್ತಿದ್ದವರು ಅಲ್ಲೇ ಇದ್ದ ಬೇರೆ ನಿರ್ಗತಿಕ ಹೆಂಗಸರು. ರಾಥ್‌ಬೋನ್ ಇಲ್ಲಿಗೂ ತರಬೇತಾದ ದಾದಿಯರು ಬರಬೇಕೆಂದು ಹಟ ಹಿಡಿದ. ಸರ್ಕಾರಿ ಹಣದಲ್ಲಿ ಇದು ಆಗದೆಂದಾಗ ಮೂರು ವರ್ಷಗಳ ಖರ್ಚನ್ನು ತಾನೇ ಕೊಡುತ್ತೇನೆಂದ. 1865ರಲ್ಲಿ ಐರ್ಲೆಂಡಿನ ಆಗ್ನೆಸ್ ಜೋನ್ಸ್ ಎಂಬಾಕೆ ನೈಟಿಂಗೇಲ್ ಶಾಲೆಯ 12 ದಾದಿಯರೊಡನೆ ಬಂದು ಮೇಲ್ವಿಚಾರಕಿಯಾದಳು. ಮೂರು ವರ್ಷಗಳಲ್ಲಿ ಆ ನರಕವನ್ನು ಆಸ್ಪತ್ರೆಯಾಗಿ ಮಾಡಿದಳು. 1868ರ ಫೆಬ್ರವರಿಯಲ್ಲಿ ಟೈಫಸ್ ಜ್ವರ ತಗುಲಿ ಅಲ್ಲೇ ತೀರಿಕೊಂಡಳು. ಆಗ ಆಕೆಗೆ 35 ವರ್ಷ.

ಇಲ್ಲಿ ಋಣದ ಲೆಕ್ಕ ಮತ್ತೊಂದು ರೂಪ ತಾಳುತ್ತದೆ. ಒಬ್ಬ ದಾದಿಗೆ ಕೃತಜ್ಞನಾಗಿ ರಾಥ್‌ಬೋನ್ ಕೈಹಾಕಿದ ಕೆಲಸ ಇನ್ನೊಬ್ಬ ದಾದಿಯ ಪ್ರಾಣವನ್ನೇ ತೆಗೆದುಕೊಂಡಿತು. ಆಕೆಯ ನೆನಪಿಗೆ ಅಮೃತಶಿಲೆಯ ಮೂರ್ತಿ ಬಂತು. ಅದಕ್ಕಿಂತ ದೊಡ್ಡ ಸ್ಮಾರಕವೆಂದರೆ, ಪ್ರಯೋಗ ಅಲ್ಲಿಗೆ ನಿಲ್ಲಲಿಲ್ಲ. ನಿರ್ಗತಿಕರಿಗೂ ತರಬೇತಾದ ದಾದಿಯ ಆರೈಕೆ ಸಲ್ಲಬೇಕೆಂಬ ಮಾತು ಇತರ ಊರುಗಳ ವರ್ಕ್‌ಹೌಸ್‌ಗಳಿಗೂ ನಿಧಾನವಾಗಿ ಹಬ್ಬಿತು.

ಊರಿನಿಂದ ದೇಶಕ್ಕೆ

1868ರಲ್ಲಿ ರಾಥ್‌ಬೋನ್ ಪಾರ್ಲಿಮೆಂಟ್ ಸದಸ್ಯನಾಗಿ ಲಂಡನ್ನಿಗೆ ಹೋದ. ಅಲ್ಲಿಯೂ ಇದೇ ಕೆಲಸ ಅವನನ್ನು ಹಿಡಿದುಕೊಂಡಿತ್ತು. 1874ರಲ್ಲಿ ಲಂಡನ್ನಿನ ಬಡವರ ಮನೆಗಳಿಗೆ ದಾದಿಯರನ್ನು ಕಳಿಸಲು ಒಂದು ರಾಷ್ಟ್ರೀಯ ಸಂಘ ಹುಟ್ಟಿತು. ಅದರ ಮೊದಲ ಮೇಲ್ವಿಚಾರಕಿ ಫ್ಲಾರೆನ್ಸ್ ಲೀಸ್ ಒಂದು ಮುಖ್ಯ ಬದಲಾವಣೆ ತಂದಳು. ದಾದಿ ದಾನ ಹಂಚುವವಳಲ್ಲ, ಶುಶ್ರೂಷೆ ಮಾಡುವವಳು ಎಂದಳು. ದಾದಿಯ ಕೈಯಲ್ಲಿ ಬ್ರೆಡ್ಡು, ಮಾಂಸದ ಚೀಟಿ ಇದ್ದರೆ ಜನ ಆಕೆಯ ಬರವನ್ನು ಕಾಯುವುದು ಚೀಟಿಗಾಗಿ. ಬರಿಗೈಯಲ್ಲಿ ಹೋದರೂ ಆಕೆಗೆ ಬಾಗಿಲು ತೆರೆಯುವಂತಾಗಬೇಕು, ಆಗ ಮಾತ್ರ ಆಕೆಯ ವಿದ್ಯೆಗೆ ಬೆಲೆ ಎಂಬುದು ಅದರ ಹಿಂದಿನ ತಿಳಿವಳಿಕೆ.

1887ರಲ್ಲಿ ವಿಕ್ಟೋರಿಯಾ ರಾಣಿಯ ಆಳ್ವಿಕೆಗೆ ಐವತ್ತು ವರ್ಷ ತುಂಬಿದಾಗ ಬ್ರಿಟನ್ನಿನ ಮಹಿಳೆಯರು ಆಕೆಗೆ ಕಾಣಿಕೆಯಾಗಿ ಹಣ ಕೂಡಿಸಿದರು. ಅದರಲ್ಲಿ 70,000 ಪೌಂಡನ್ನು ಬಡವರ ಮನೆಯ ಶುಶ್ರೂಷೆಗೇ ವಿನಿಯೋಗಿಸಬೇಕೆಂದು ತೀರ್ಮಾನವಾಯಿತು. 1889ರಲ್ಲಿ ರಾಜಸನದು ಪಡೆದ ಸಂಸ್ಥೆಯೊಂದು ದೇಶದಾದ್ಯಂತ ಇಂಥ ದಾದಿಯರ ತರಬೇತಿಯ ಹೊಣೆ ಹೊತ್ತಿತು. ಅಲ್ಲಿ ತಯಾರಾದವರು ರಾಣಿಯ ದಾದಿಯರೆಂದು ಹೆಸರಾದರು. ಮೊದಲು ಕಾಲ್ನಡಿಗೆ, ಆಮೇಲೆ ಸೈಕಲ್ಲು, ಹಳ್ಳಿಗಾಡಿನಲ್ಲಿ ಕುದುರೆಗಾಡಿ. ಕೈಯಲ್ಲಿ ಚೀಲ ಹಿಡಿದು ಹೋಗುವ ಈ ದಾದಿ ಬ್ರಿಟನ್ನಿನ ಕೇರಿಗಳಲ್ಲಿ ಅಂಚೆಯವನಷ್ಟೇ ಪರಿಚಿತಳಾದಳು. ಅಟ್ಲಾಂಟಿಕ್‌ನ ಆಚೆ ನ್ಯೂಯಾರ್ಕಿನಲ್ಲಿ ಲಿಲಿಯನ್ ವಾಲ್ಡ್ 1893ರಲ್ಲಿ ವಲಸೆಗಾರರ ಕೇರಿಯಲ್ಲಿ ಇಂಥದೇ ಕೆಲಸ ಆರಂಭಿಸಿದಳು. ಕೆನಡಾದಲ್ಲಿ 1897ರಲ್ಲಿ ಮನೆಮನೆಯ ದಾದಿಯರ ಸಂಘ ಹುಟ್ಟಿತು.

ಇಷ್ಟೆಲ್ಲಕ್ಕೂ ಹಣ ಬರುತ್ತಿದ್ದದ್ದು ಜನರಿಂದ. 1927ರಲ್ಲಿ ಒಂದು ಹೊಸ ಉಪಾಯ ಹೊಳೆಯಿತು. ಚೆಂದದ ಕೈತೋಟವಿದ್ದವರು ಅದನ್ನು ಒಂದು ದಿನ ಸಾರ್ವಜನಿಕರಿಗೆ ತೆರೆಯುವುದು, ತಲಾ ಒಂದು ಶಿಲಿಂಗ್ ಪ್ರವೇಶ ಶುಲ್ಕವನ್ನು ದಾದಿಯರ ನಿಧಿಗೆ ಕೊಡುವುದು. ಮೊದಲ ವರ್ಷವೇ 609 ತೋಟಗಳು ತೆರೆದವು, 8,000 ಪೌಂಡಿಗೂ ಹೆಚ್ಚು ಸೇರಿತು. ಆ ಪದ್ಧತಿ ಇಂದಿಗೂ ನಡೆದಿದೆ. ಹೂವಿನ ಈ ನಂಟು ರಾಥ್‌ಬೋನನ ಬದುಕಿನಲ್ಲೂ ಇತ್ತು. ಅನಾರೋಗ್ಯದಿಂದ ಕೋಣೆ ಬಿಟ್ಟು ಹೊರಬರದಿದ್ದ ನೈಟಿಂಗೇಲ್‌ಗೆ ಆತ ಹೂಬಿಟ್ಟ ಗಿಡಗಳನ್ನು ವರ್ಷಾನುಗಟ್ಟಲೆ ಕಳಿಸುತ್ತಲೇ ಇದ್ದ. 1902ರಲ್ಲಿ ಆತ ತೀರಿಕೊಂಡ.

ದಾನದಿಂದ ಹಕ್ಕಿಗೆ

ಕೃತಜ್ಞತೆಯಿಂದ ಹುಟ್ಟಿದ ದಾನಕ್ಕೂ ಒಂದು ಮಿತಿಯಿದೆ. ಯಾರಿಗೆ ಕೊಡಬೇಕು, ಎಷ್ಟು ಕೊಡಬೇಕು ಎಂಬುದನ್ನು ಕೊಡುವವನು ನಿರ್ಧರಿಸುತ್ತಾನೆ. ಪಡೆಯುವವನಿಗೆ ಉಳಿಯುವುದು ಕೈ ಮುಗಿಯುವುದೊಂದೇ. ರಾಥ್‌ಬೋನ್ ಕಾಲದ ದೊಡ್ಡವರು ಬಡವರಲ್ಲೂ ಯೋಗ್ಯರು, ಅಯೋಗ್ಯರು ಎಂದು ಎರಡು ಸಾಲು ಮಾಡುತ್ತಿದ್ದರು. ಸಿರಿವಂತನಿಗೆ ಕಾಯಿಲೆಯಾದಾಗ ಆತ ಯೋಗ್ಯನೇ ಎಂದು ಯಾರೂ ಕೇಳುವುದಿಲ್ಲವಷ್ಟೇ. 1948ರಲ್ಲಿ ಬ್ರಿಟನ್ನಿನಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಜಾರಿಗೆ ಬಂದು, ಮನೆಗೆ ದಾದಿಯನ್ನು ಕಳಿಸುವುದು ಸ್ಥಳೀಯ ಸರ್ಕಾರಗಳ ಕರ್ತವ್ಯವೆಂದಾದಾಗ ಈ ಪ್ರಶ್ನೆ ಬಿದ್ದುಹೋಯಿತು. ಮೇರಿ ರಾಬಿನ್‌ಸನ್ ಕೇರಿಗೆ ಕಾಲಿಟ್ಟು ಆಗ ಸುಮಾರು 90 ವರ್ಷ.

ಈ ನಡೆಯ ಒಂದು ಹೆಜ್ಜೆ ರಾಥ್‌ಬೋನನ ಮನೆಯಿಂದಲೇ ಬಂತು. ಎರಡನೆಯ ಮದುವೆಯಲ್ಲಿ ಹುಟ್ಟಿದ ಮಗಳು ಎಲಿನರ್ ರಾಥ್‌ಬೋನ್ ಪಾರ್ಲಿಮೆಂಟ್ ಸದಸ್ಯೆಯಾದಳು. ಮಕ್ಕಳನ್ನು ಸಾಕುವ ತಾಯಂದಿರಿಗೆ ಸರ್ಕಾರ ನೇರವಾಗಿ ಭತ್ಯೆ ಕೊಡಬೇಕೆಂದು ದಶಕಗಳ ಕಾಲ ಹೋರಾಡಿದಳು. 1945ರಲ್ಲಿ ಅದು ಕಾಯಿದೆಯಾಯಿತು. ತಂದೆ ದಾನವಾಗಿ ಆರಂಭಿಸಿದ್ದನ್ನು ಮಗಳು ಹಕ್ಕಿನ ಭಾಷೆಯಲ್ಲಿ ಕೇಳಿದಳು.

ಆದರೆ ಭಾರತದ ವಿಷಯಕ್ಕೆ ಬಂದಾಗ ಅದೇ ಎಲಿನರ್ ಎಡವಿದಳು. ಇಲ್ಲಿನ ಬಾಲ್ಯವಿವಾಹ, ತಾಯಂದಿರ ಸಾವುಗಳ ಬಗ್ಗೆ ಆಕೆಗಿದ್ದ ಕಳಕಳಿ ನಿಜವಾದದ್ದೇ. 1929ರಲ್ಲಿ ಭಾರತದ ಮಹಿಳೆಯರ ಸ್ಥಿತಿಗತಿ ಕುರಿತು ಆಕೆ ಲಂಡನ್ನಿನಲ್ಲಿ ಸಮ್ಮೇಳನ ಕರೆದಾಗ, ವೇದಿಕೆ ತುಂಬ ಇದ್ದವರು ಬ್ರಿಟಿಷ್ ಮಹಿಳೆಯರು. ಸಭೆಯಲ್ಲಿದ್ದ ಧನವಂತಿ ರಾಮರಾವ್ ಎದ್ದುನಿಂತು ಇದನ್ನು ಪ್ರತಿಭಟಿಸಿದರು. ನಮ್ಮ ಕಷ್ಟಗಳನ್ನು ನಮ್ಮನ್ನು ಬಿಟ್ಟು ಚರ್ಚಿಸಲು ನೀವಾರು ಎಂಬುದು ಅವರ ವಾದದ ಸಾರ. ಕಾಶ್ಮೀರಿ ಮನೆತನದ ಧನವಂತಿಯವರು ಬೆಳೆದದ್ದು ನಮ್ಮ ಹುಬ್ಬಳ್ಳಿಯಲ್ಲಿ. ಮುಂದೆ ಭಾರತದ ಕುಟುಂಬ ಯೋಜನಾ ಸಂಘವನ್ನು ಕಟ್ಟಿದವರಲ್ಲಿ ಅವರು ಪ್ರಮುಖರು. 1941ರಲ್ಲಿ ಭಾರತೀಯರು ಬ್ರಿಟನ್ನಿಗೆ ಕೃತಜ್ಞರಾಗಿಲ್ಲವೆಂಬ ಧಾಟಿಯಲ್ಲಿ ಎಲಿನರ್ ಬಹಿರಂಗ ಪತ್ರ ಬರೆದಾಗ, ಕೊನೆಯ ಕಾಯಿಲೆಯಲ್ಲಿದ್ದ ರವೀಂದ್ರನಾಥ ಟ್ಯಾಗೋರರು ಹಾಸಿಗೆಯಿಂದಲೇ ಖಾರವಾದ ಉತ್ತರ ಕೊಟ್ಟರು. ಕೃತಜ್ಞತೆ ತಾನಾಗಿ ಬಂದರೆ ಬೆಳಕು, ಕೇಳಿ ಪಡೆಯಹೊರಟರೆ ಅದೇ ಬೇಡಿ. ಎಲಿನರಳ ತಂದೆಗೆ ಈ ವ್ಯತ್ಯಾಸ ತಿಳಿದಿತ್ತು. ಆತ ತನ್ನ ಕೃತಜ್ಞತೆಯನ್ನು ತೋರಿದನೇ ಹೊರತು ಕೇರಿಯವರಿಂದ ಅದನ್ನು ಕೇಳಲು ಹೋಗಲಿಲ್ಲ.

ನಮ್ಮ ಹತ್ತಿರದ ಕೇರಿಗಳಲ್ಲಿ

ನಮ್ಮ ಮನೆಗಳಲ್ಲಿ ರೋಗಿಯ ಆರೈಕೆ ಬಹುಕಾಲ ಅಜ್ಜಿ, ಅತ್ತೆ, ಸೊಸೆಯರ ಹೆಗಲಿಗೇ ಬಿದ್ದಿತ್ತು. ಹೊರಗಿನಿಂದ ಬರುತ್ತಿದ್ದವಳು ಸೂಲಗಿತ್ತಿ. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರು ಸಾವಿರಾರು ಹೆರಿಗೆಗಳನ್ನು ಹಣ ಪಡೆಯದೆ ಮಾಡಿಸಿದ್ದರು. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಕೊನೆಯಲ್ಲಿ ಅವರು ತೀರಿಕೊಂಡರು. ಈಗ ಸಂಸಾರಗಳು ಚಿಕ್ಕವಾಗಿವೆ, ಮನೆಯವರೆಲ್ಲ ದುಡಿಮೆಗೆ ಹೋಗುತ್ತಾರೆ, ಆಯುಸ್ಸು ಹೆಚ್ಚಿದೆ. ಕ್ಯಾನ್ಸರ್, ಪಾರ್ಶ್ವವಾಯುಗಳಿಂದ ತಿಂಗಳುಗಟ್ಟಲೆ ಮಲಗಿದವರನ್ನು ನೋಡಿಕೊಳ್ಳುವ ಪ್ರಶ್ನೆ ಪ್ರತಿ ಬೀದಿಯಲ್ಲೂ ಇದೆ. ಹಣವುಳ್ಳವರು ಹೋಮ್ ನರ್ಸ್ ಇಟ್ಟುಕೊಳ್ಳುತ್ತಾರೆ. ಇಲ್ಲದವರ ಗತಿ ಏನು ಎಂಬ ರಾಥ್‌ಬೋನನ ಪ್ರಶ್ನೆ ನಮ್ಮ ಮುಂದೆಯೂ ನಿಂತಿದೆ.

ಉತ್ತರ ಹುಡುಕಿದವರು ಇಲ್ಲಿಯೂ ಇದ್ದಾರೆ. ಕೇರಳದ ಕಲ್ಲಿಕೋಟೆಯಲ್ಲಿ 1993ರಲ್ಲಿ ಆರಂಭವಾದ ನೋವು ಶಮನ ಆರೈಕೆಯ ಸಂಘದಿಂದ ಮನೆಮನೆಗೆ ದಾದಿ, ಸ್ವಯಂಸೇವಕರು ಹೋಗುವ ಚಳವಳಿಯೇ ಬೆಳೆಯಿತು. ಬೆಂಗಳೂರಿನಲ್ಲಿ 1994ರಲ್ಲಿ ಹುಟ್ಟಿದ ಟ್ರಸ್ಟೊಂದು ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳ ಮನೆಗೆ ಹೋಗಿ ಆರೈಕೆ ಮಾಡತೊಡಗಿ, 1999ರಲ್ಲಿ ಕರುಣಾಶ್ರಯ ಎಂಬ ತಾಣವನ್ನು ಕಟ್ಟಿತು. ಅಲ್ಲಿ ಆರೈಕೆ ಉಚಿತ. ಇಂಥ ಕಡೆಗಳಲ್ಲಿ ಒಮ್ಮೆ ಆರೈಕೆ ಕಂಡ ಮನೆಯವರು ಮುಂದೆ ದಾನಿಗಳಾಗಿಯೋ ಸ್ವಯಂಸೇವಕರಾಗಿಯೋ ಮರಳಿ ಬರುವುದುಂಟು. ಋಣವನ್ನು ಮುಂದಿನವರಿಗೆ ಸಲ್ಲಿಸುವ ಹಳೆಯ ದಾರಿಯೇ ಅದು.

ಇನ್ನೊಂದು ಬಗೆಯ ಕೃತಜ್ಞತೆಯನ್ನೂ ಕೋವಿಡ್ ಕಾಲದಲ್ಲಿ ಕಂಡೆವು. 2020ರ ಮಾರ್ಚ್ 22ರ ಸಂಜೆ ಭಾರತದಲ್ಲಿ ಜನ ತಟ್ಟೆ ಬಡಿದು, ಚಪ್ಪಾಳೆ ತಟ್ಟಿ ವೈದ್ಯರಿಗೂ ದಾದಿಯರಿಗೂ ವಂದಿಸಿದರು. ಬ್ರಿಟನ್ನಿನಲ್ಲಿ ಅದೇ ತಿಂಗಳ 26ರಿಂದ ಪ್ರತಿ ಗುರುವಾರ ಚಪ್ಪಾಳೆ ಕೇಳಿಸಿತು. ಆ ಜುಲೈನಲ್ಲೇ ಕರ್ನಾಟಕದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನ, ರಕ್ಷಣಾ ಸಾಮಗ್ರಿ ಕೇಳಿ ಕೆಲಸ ನಿಲ್ಲಿಸಬೇಕಾಯಿತು. 2022ರ ಡಿಸೆಂಬರಿನಲ್ಲಿ ಬ್ರಿಟನ್ನಿನ ದಾದಿಯರು ಸಂಬಳಕ್ಕಾಗಿ ಮುಷ್ಕರ ಹೂಡಿದರು. ಚಪ್ಪಾಳೆ ತಟ್ಟಿದ ಕೈಗಳು ಸುಳ್ಳು ಹೇಳಿರಲಿಲ್ಲ. ಆದರೆ ಚಪ್ಪಾಳೆಯಿಂದ ಆಶಾ ಕಾರ್ಯಕರ್ತೆಯ ಮನೆಯ ಬಾಡಿಗೆ ತುಂಬುವುದಿಲ್ಲ.

ಲಿವರ್‌ಪೂಲಿನಲ್ಲಿ ರಾಥ್‌ಬೋನನ ಪ್ರತಿಮೆಯಿದೆ, ಅವನ ಜೀವನಚರಿತ್ರೆಯಿದೆ. ಮೇರಿ ರಾಬಿನ್‌ಸನ್‌ಗೆ ಇತಿಹಾಸದ ಪುಸ್ತಕಗಳು ಕೊಡುವುದು ಕೆಲವೇ ಸಾಲು. ಆ ಕೆಲವು ಸಾಲುಗಳಲ್ಲಿ ಆಕೆ ಎರಡು ಮಾತು ಹೇಳುತ್ತಾಳೆ. ಮೊದಲನೆಯದು, ಒಂದು ತಿಂಗಳಾದ ಮೇಲೆ: ನನ್ನಿಂದಾಗದು. ಎರಡನೆಯದು, ಮೂರು ತಿಂಗಳಾದ ಮೇಲೆ: ಇನ್ನು ಬೇರೆ ಕೆಲಸ ಬೇಡ. ದಾದಿಯರಿಗೆ ಕೃತಜ್ಞರಾದವರು ಸಾಮಾನ್ಯವಾಗಿ ಎರಡನೆಯ ಮಾತನ್ನಷ್ಟೇ ಕೇಳಿಸಿಕೊಳ್ಳುತ್ತಾರೆ, ಕೇಳಿ ಹಿಗ್ಗುತ್ತಾರೆ. ಆಗ್ನೆಸ್ ಜೋನ್ಸಳಂಥವರು ಜೀವ ತೆತ್ತದ್ದು ಮೊದಲನೆಯ ಮಾತಿಗೆ ಬೇಕಾದಷ್ಟು ಉತ್ತರ ಸಿಗದ ಕಡೆಗಳಲ್ಲಿ. ಆರೈಕೆ ಮಾಡುವವಳಿಗೂ ಊಟ, ನಿದ್ದೆ, ಸಂಬಳ, ಜೊತೆಗಾರರು, ಕೈಗೆಟಕುವಲ್ಲಿ ಔಷಧಿ ಬೇಕು. ಅವುಗಳನ್ನು ಒದಗಿಸಿದ ಮನೆ, ಒದಗಿಸಿದ ಊರು ತನ್ನ ಋಣದಲ್ಲಿ ಒಂದು ಪಾಲನ್ನಾದರೂ ತೀರಿಸಿದಂತೆ.